ಮಣ್ಣಿನ ಹದ, ಕಬ್ಬಿಣದ ಹದ: ಅಣ್ಣಿಗೇರಿಯ ನಡಕಟ್ಟಿನರನ್ನು ಕುರಿತು

ಕನ್ನಡದಲ್ಲಿ ‘ಹದ’ ಎಂಬ ಎರಡಕ್ಷರದ ಪದವೊಂದುಂಟು. ಮಳೆ ಬಿದ್ದು, ನೀರು ಇಂಗಿ, ಮಣ್ಣು ಕೈಗೆ ಮೆತ್ತದೆ, ಹುಡಿಯೂ ಆಗದೆ ಮುಷ್ಟಿಯಲ್ಲಿ ನಿಂತಾಗ ಒಕ್ಕಲಿಗನು ‘ಹೊಲ ಹದಕ್ಕೆ ಬಂತು’ ಎನ್ನುತ್ತಾನೆ. ಕೆಂಪಗೆ ಕಾದ ಕುಡವನ್ನು ನೀರಿನಲ್ಲಿ ಅದ್ದಿ ತೆಗೆದು, ಅದರ ಅಂಚಿನ ಮೇಲೆ ಓಡುವ ಬಣ್ಣವನ್ನು ಕಣ್ಣಿಟ್ಟು ನೋಡಿ ಕಮ್ಮಾರನೂ ‘ಹದ ಬಂತು’ ಎನ್ನುತ್ತಾನೆ. ಅಡುಗೆಮನೆಯ ಪಾಕಕ್ಕೂ ಅದೇ ಮಾತು. ಕಾವ್ಯದ ಪಾಕವನ್ನು ವಿವರಿಸುವ ಪಂಡಿತನೂ ಕೊನೆಗೆ ಆ ಮಾತಿಗೇ ಬಂದು ನಿಲ್ಲುತ್ತಾನೆ. ಬಹುಕಾಲದ ಬಳಕೆಯಿಂದ ಕೈಗೂ ಕಣ್ಣಿಗೂ ಮೈಗೂಡುವ ಅರಿವಿಗೆ ನಮ್ಮ ಹಿರಿಯರು ಇಟ್ಟ ಹೆಸರು ಅದು.

ಮಣ್ಣಿನ ಹದವನ್ನು ಬಲ್ಲವರು ಒಂದು ವರ್ಗದ ಜನ, ಕಬ್ಬಿಣದ ಹದವನ್ನು ಬಲ್ಲವರು ಇನ್ನೊಂದು ವರ್ಗದ ಜನ. ಕುಡ ಮೊಂಡಾದರೆ ರೈತನು ಅದನ್ನು ಕುಲುಮೆಗೆ ಒಯ್ದು, ಹಣಿಸಿಕೊಂಡು ಬರುತ್ತಾನೆ. ಕುಡವು ಏಕೆ ಅಷ್ಟು ಬೇಗ ಮೊಂಡಾಯಿತೆಂಬ ಪ್ರಶ್ನೆ ಹೊಲಕ್ಕೂ ಕುಲುಮೆಗೂ ನಡುವಿನ ಹಾದಿಯಲ್ಲಿಯೇ ಉಳಿದುಹೋಗುತ್ತದೆ. ಈ ಹಾದಿಯಲ್ಲಿ ನಿಂತು ಆ ಪ್ರಶ್ನೆಯನ್ನು ಎತ್ತಿಕೊಂಡವರು, ಎರಡು ಹದಗಳನ್ನೂ ಒಬ್ಬರೇ ಅರಿಯಲು ಯತ್ನಿಸಿದವರು ತೀರ ವಿರಳ. ಅಂಥ ವಿರಳರಲ್ಲಿ ಅಣ್ಣಿಗೇರಿಯ ಅಬ್ದುಲ್ ಖಾದರ್ ಇಮಾಮಸಾಬ ನಡಕಟ್ಟಿನರು ಒಬ್ಬರು. 2022ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿದ ತರುವಾಯ ಅವರನ್ನು ಹೊಗಳುವ ಮಾತುಗಳು ಧಾರಾಳವಾಗಿ ಕೇಳಿಬಂದಿವೆ. ಹೊಗಳಿಕೆ ಯೋಗ್ಯವಾದುದೇ. ಆದರೆ ಆ ಹೊಗಳಿಕೆಯೊಳಗೆ ಒಂದು ತಪ್ಪು ತಿಳಿವಳಿಕೆಯೂ ನುಸುಳಿಕೊಂಡಿದೆ. ವಿದ್ಯಾರ್ಥಿಗಳ ಕೈಗೆ ಹೋಗುವ ಇಂಥ ಸಂಚಿಕೆಯಲ್ಲಿ ಅದನ್ನು ತಿದ್ದದೆ ಬಿಡುವುದು ಸರಿಯಾಗದು.

ಅಣ್ಣಿಗೇರಿಯ ಹೆಸರನ್ನು ಕನ್ನಡ ಓದಿದವರಿಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆಯ ತವರಿನ ನಂಟನ್ನು ಕುರ್ಕ್ಯಾಲದ ಶಾಸನವು ಈ ಊರಿಗೆ ಕಟ್ಟಿಕೊಟ್ಟಿದೆ. ಕಲ್ಯಾಣದ ಚಾಲುಕ್ಯರ ಕಾಲದ ಅಮೃತೇಶ್ವರ ದೇವಾಲಯವು ಇಲ್ಲಿಯ ಶಿಲ್ಪಿಗಳ ಉಳಿಯ ಹದವನ್ನು ಇಂದಿಗೂ ಸಾರುತ್ತಿದೆ. ಹಿಂದೆ ನವಲಗುಂದ ತಾಲೂಕಿಗೆ ಸೇರಿದ್ದು, ಈಗ ತಾನೇ ತಾಲೂಕಿನ ಕೇಂದ್ರವಾಗಿರುವ ಈ ಊರಿನ ಹೆಸರು ಕಡಲೆ ಬೆಳೆಯುವ ರೈತರ ಬಾಯಲ್ಲಿಯೂ ನೆಲೆಸಿದೆ. ‘ಅಣ್ಣಿಗೇರಿ ಒಂದು’ ಎಂಬ ಕಡಲೆಯ ತಳಿ ಉತ್ತರ ಕರ್ನಾಟಕದ ಹಿಂಗಾರಿ ಹೊಲಗಳಲ್ಲಿ ಮನೆಮಾತಾಯಿತು. ಕವಿಯ ಊರು, ಕಲ್ಲಿನ ಊರು, ಕಡಲೆಯ ಊರು. ಇವುಗಳ ಸಾಲಿನಲ್ಲಿ ಕಬ್ಬಿಣವನ್ನೂ ಸೇರಿಸುವ ಕಾಲ ಬಂದಿದೆ.

ನಡಕಟ್ಟಿನರು ಮಾಡಿದ ಕೆಲಸದ ಬೆಲೆ ತಿಳಿಯಬೇಕಾದರೆ ಮೊದಲು ಎರಿಯ ಭೂಮಿಯ ಸ್ವಭಾವವನ್ನು ತಿಳಿಯಬೇಕು. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಬಯಲಿನ ಕರಿಮಣ್ಣಿನಲ್ಲಿ ಜೇಡಿಯ ಅಂಶ ಬಹಳ. ನೀರು ಕುಡಿದಾಗ ಅದು ಉಬ್ಬುತ್ತದೆ, ಎತ್ತಿನ ಕಾಲಿಗೂ ಗಾಲಿಗೂ ಮುದ್ದೆಮುದ್ದೆಯಾಗಿ ಅಂಟಿಕೊಳ್ಳುತ್ತದೆ. ಒಣಗಿದಾಗ ಕುಗ್ಗಿ, ಕೈ ತೂರುವಷ್ಟು ಬಿರುಕು ಬಿಡುತ್ತದೆ; ಹೆಂಟೆಗಳು ಕಲ್ಲಿನಂತಾಗುತ್ತವೆ. ಈ ಎರಡು ಅವಸ್ಥೆಗಳ ನಡುವೆ ಹದದ ದಿನಗಳು ಕೆಲವೇ ಕೆಲವು. ಆ ಕೆಲವು ದಿನಗಳಲ್ಲಿ ಹರಗಬೇಕು, ಬಿತ್ತಬೇಕು. ಹಿಂಗಾರಿಯಲ್ಲಂತೂ ಮೇಲ್ಮಣ್ಣು ದಿನದಿಂದ ದಿನಕ್ಕೆ ಆರುತ್ತ ಹೋಗುತ್ತದೆ. ಬೀಜವು ಕೆಳಗಿನ ತಂಪಿಗೆ ತಲುಪಿದರೆ ಮೊಳಕೆ, ಇಲ್ಲವಾದರೆ ಇಲಿ ಇರುವೆಗಳ ಪಾಲು. ಹದ ತಪ್ಪಿದ ರೈತನ ಆ ವರ್ಷವೇ ತಪ್ಪಿತೆಂದು ತಿಳಿಯಬೇಕು. ಆದ್ದರಿಂದ ಈ ಸೀಮೆಯಲ್ಲಿ ಸಾಧನದ ಪ್ರಶ್ನೆಯು ಹೊಟ್ಟೆಯ ಪ್ರಶ್ನೆಯೇ ಆಗಿದೆ.

ರಂಟೆಯ ಕುಳ, ಕುಂಟೆಯ ಕುಡ, ಕೂರಿಗೆಯ ತಾಳು ಇವೆಲ್ಲ ಈ ಮಣ್ಣಿನೊಡನೆ ಸೆಣಸಬೇಕಾದ ಕಬ್ಬಿಣದ ಮುಖಗಳು. ಕರಿಮಣ್ಣಿನೊಳಗೆ ಅಲ್ಲಲ್ಲಿ ಸುಣ್ಣದ ಹರಳುಗಳು ಹುದುಗಿರುತ್ತವೆ. ಅವು ಅಂಚನ್ನು ಅರದಂತೆ ತಿನ್ನುತ್ತವೆ. ಕುಡವು ಮೆತ್ತಗಿದ್ದರೆ ಸವೆದು ಬಾಗುತ್ತದೆ. ಬಹಳ ಗಡುಸಾಗಿದ್ದರೆ ಹರಳಿಗೆ ತಾಗಿದೊಡನೆ ಚಟ್ಟನೆ ಒಡೆಯುತ್ತದೆ. ಗಡುಸೂ ಇರಬೇಕು, ಒಡೆಯದ ಗುಣವೂ ಇರಬೇಕು. ಲೋಹಶಾಸ್ತ್ರವೆಂಬ ದೊಡ್ಡ ಹೆಸರಿನ ವಿದ್ಯೆಯು ಉಕ್ಕನ್ನು ಕುರಿತು ಹೇಳುವ ಮುಖ್ಯ ಮಾತೂ ಇದೇ. ಕಬ್ಬಿಣದಲ್ಲಿ ಇಂಗಾಲವು ಅತ್ಯಲ್ಪ ಪ್ರಮಾಣದಲ್ಲಿ ಬೆರೆತಾಗ ಅದು ಉಕ್ಕು. ಆ ಉಕ್ಕನ್ನು ಎಂಟುನೂರು ಡಿಗ್ರಿ ಸೆಲ್ಸಿಯಸ್ಸಿನ ಸುಮಾರಿಗೆ ಕೆಂಪಗೆ ಕಾಯಿಸಿ ತಟ್ಟನೆ ನೀರಿಗೆ ಅದ್ದಿದರೆ ಅತ್ಯಂತ ಗಡುಸಾಗುತ್ತದೆ, ಗಾಜಿನಂತೆ ಒಡಕೂ ಆಗುತ್ತದೆ. ಮತ್ತೆ ಅದನ್ನು ಇನ್ನೂರು ಮುನ್ನೂರು ಡಿಗ್ರಿಗಳವರೆಗೆ ಮೆಲ್ಲಗೆ ಕಾಯಿಸಿದರೆ ಗಡುಸುತನ ತುಸು ಇಳಿದು ತಾಳಿಕೆ ಬರುತ್ತದೆ. ಆಗ ಉಜ್ಜಿದ ಅಂಚಿನ ಮೇಲೆ ಹುಲ್ಲಿನ ಹಳದಿ, ಕಂದು, ನೇರಳೆ, ನೀಲಿ ಎಂಬ ಕ್ರಮದಲ್ಲಿ ಬಣ್ಣಗಳು ಓಡುತ್ತವೆ. ಯಾವ ಬಣ್ಣಕ್ಕೆ ನಿಲ್ಲಿಸಬೇಕೆಂಬುದು ಯಾವ ಕೆಲಸಕ್ಕೆ ಆ ಸಾಧನವೆಂಬುದನ್ನು ಅವಲಂಬಿಸಿದೆ. ಊರಿನ ಕಮ್ಮಾರನಿಗೆ ಡಿಗ್ರಿಯ ಲೆಕ್ಕ ಗೊತ್ತಿರಲಿಕ್ಕಿಲ್ಲ. ಬಣ್ಣದ ಲೆಕ್ಕ ಗೊತ್ತಿತ್ತು. ಹಳೆಯ ಕುಲುಮೆಗಳು ನೆರಳಿನಲ್ಲಿ, ಕತ್ತಲೆಗಟ್ಟಿದ ಗುಡಿಸಲಿನೊಳಗೆ ಇರುತ್ತಿದ್ದುದನ್ನು ಬಡತನದ ಗುರುತೆಂದು ಎಣಿಸುವವರುಂಟು. ಕಾದ ಕಬ್ಬಿಣದ ಬಣ್ಣವು ಬಿಸಿಲಿನಲ್ಲಿ ಸರಿಯಾಗಿ ಕಾಣದೆಂಬ ಸಂಗತಿಯನ್ನು ಅವರು ಮರೆಯುತ್ತಾರೆ.

ಇಂಥ ನೆಲದಲ್ಲಿ, ಒಕ್ಕಲುತನದ ಅನುಕೂಲಸ್ಥ ಮನೆತನದಲ್ಲಿ ನಡಕಟ್ಟಿನರು ಬೆಳೆದರು. ‘ನಡಕಟ್ಟು’ ಎಂದರೆ ಸೊಂಟಕ್ಕೆ ಬಿಗಿಯುವ ಪಟ್ಟಿ. ಮನೆತನಕ್ಕೆ ಆ ಹೆಸರು ಬಂದ ಬಗೆ ಏನೇ ಇರಲಿ, ನಡು ಕಟ್ಟಿ ನಿಂತವರಿಗೆ ಅದು ಒಪ್ಪುವಂತಿದೆ. ಅವರ ಮೊದಲ ಉಪಾಯದ ಕಥೆ ವಿನೋದದ್ದು. ತರುಣ ನಡಕಟ್ಟಿನರಿಗೆ ನಸುಕಿನಲ್ಲಿ ಏಳುವುದು ಕಷ್ಟ. ಗಡಿಯಾರದ ಗಂಟೆ ಬಾರಿಸಿದರೂ ಎಚ್ಚರವಾಗುತ್ತಿರಲಿಲ್ಲ. ಗಂಟೆ ಬಾರಿಸುವಾಗ ಗಡಿಯಾರದ ಹಿಂಬದಿಯ ಕೀಲಿಕೈ ತಾನೇ ತಿರುಗುವುದನ್ನು ಗಮನಿಸಿ, ಅದಕ್ಕೆ ಸಣ್ಣದೊಂದು ಹುರಿಯನ್ನು ಕಟ್ಟಿ, ಹುರಿಯ ಇನ್ನೊಂದು ತುದಿಯನ್ನು ನೀರು ತುಂಬಿದ ಸೀಸೆಗೆ ಬಿಗಿದರು. ಕೀಲಿ ತಿರುಗಿದಂತೆ ಹುರಿ ಸುತ್ತಿಕೊಂಡು ಸೀಸೆ ಬಾಗಿ ಮಲಗಿದವರ ಮುಖದ ಮೇಲೆ ನೀರು ಸುರಿಯತೊಡಗಿತು. ನಗೆ ಬರಿಸುವ ಈ ಸಂಗತಿಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಬೇರೊಬ್ಬರು ಗಂಟೆಯ ಸದ್ದನ್ನು ಮಾತ್ರ ಕೇಳುತ್ತಿದ್ದ ಎಡೆಯಲ್ಲಿ ಈ ಹುಡುಗನ ಕಣ್ಣು ವ್ಯರ್ಥವಾಗಿ ತಿರುಗುತ್ತಿದ್ದ ಕೀಲಿಯ ಮೇಲೆ ಹೋಯಿತು. ಮುಂದೆ ಅವರು ಮಾಡಿದ ಯಂತ್ರಗಳಿಗೆಲ್ಲ ಆ ಕಣ್ಣೇ ಮೂಲ.

ಎಸ್.ಎಸ್.ಎಲ್.ಸಿ. ಮುಗಿಸಿದ ಮೇಲೆ ಕೃಷಿಯನ್ನು ಶಾಸ್ತ್ರವಾಗಿ ಓದಬೇಕೆಂಬ ಆಸೆ ಅವರಿಗಿತ್ತು. ತಂದೆಯವರ ಇಚ್ಛೆ ಬೇರೆಯಿತ್ತು; ಮನೆತನದ ಭೂಮಿಯನ್ನು ಮಗನು ನೋಡಿಕೊಳ್ಳಬೇಕೆಂಬುದು ಅವರ ಅಭಿಪ್ರಾಯ. ತಂದೆಯ ಮಾತು ನಡೆಯಿತು. ಓದು ನಿಂತಿತು, ಪ್ರಯೋಗ ನಿಲ್ಲಲಿಲ್ಲ. ಜೋಳ, ಹತ್ತಿ, ಕಡಲೆಗಳ ಸೀಮೆಯಲ್ಲಿ ಅವರು ಮಾವು, ಚಿಕ್ಕು, ಬಾರೆಯ ಗಿಡಗಳನ್ನು ಹಚ್ಚಿದರು. ಮಾವಿನ ಸಾಲುಗಳ ನಡುವೆ ಮೆಣಸಿನಕಾಯಿ ಬೆಳೆದರು. ನೀರಿನ ಕೊರತೆ ಅವುಗಳನ್ನು ಕೈಹಿಡಿಯಲಿಲ್ಲ. ಆಗ ಬರವನ್ನು ತಾಳುವ ಹುಣಸೆಯ ಕಡೆಗೆ ಅವರ ಮನಸ್ಸು ತಿರುಗಿತು. ಹುಣಸೆಯನ್ನು ಹೊಲದ ಬದುವಿನಲ್ಲಿ, ಊರ ಹೊರಗಿನ ದಾರಿಯ ಬದಿಯಲ್ಲಿ ಕಂಡವರಿಗೆ, ಅದನ್ನೇ ತೋಟವಾಗಿ ಸಾಲುಗಟ್ಟಿ ನೆಡುವವನು ವಿಚಿತ್ರವಾಗಿ ಕಂಡುದು ಸಹಜ. ಜನ ‘ಹುಣಸೆ ಹುಚ್ಚ’ ಎಂದು ಹೆಸರಿಟ್ಟರು. ಊರು ಇಟ್ಟ ಈ ಹೆಸರನ್ನು ಅವರು ಹಾಗೆಯೇ ಹೊತ್ತುಕೊಂಡು, ಮಳೆಯ ನೀರನ್ನು ಹೊಂಡಗಳಲ್ಲಿ ಹಿಡಿದು ಗಿಡಗಳನ್ನು ಉಳಿಸಿಕೊಂಡರು.

ಯಂತ್ರದ ಹುಟ್ಟು ಈ ಹುಣಸೆಯಿಂದಲೇ. ಫಲ ಬಂದ ಮೇಲೆ ಹೊಸ ತೊಡಕು ಎದುರಾಯಿತು. ಹುಣಸೆಯ ಹಣ್ಣನ್ನು ಸಿಪ್ಪೆ ಬಿಡಿಸಿ, ನಾರು ಸುಲಿದು, ಬೀಜ ತೆಗೆಯುವುದು ಎಷ್ಟು ಬೇಸರದ ಕೆಲಸವೆಂಬುದನ್ನು ಹಳ್ಳಿಯ ಹೆಣ್ಣುಮಕ್ಕಳನ್ನು ಕೇಳಬೇಕು. ಬೇಸಗೆಯ ಮಧ್ಯಾಹ್ನಗಳಲ್ಲಿ ಪಡಸಾಲೆಯಲ್ಲಿ ಕುಳಿತು, ಕಲ್ಲಿನ ಮೇಲಿಟ್ಟು ಬಡಿದು, ಬೆರಳಿನಿಂದ ಒಂದೊಂದೇ ಬೀಜವನ್ನು ಬಿಡಿಸಬೇಕು. ಬೆರಳ ಸಂದಿಗಳು ಹುಳಿಗೆ ಬಿರಿಯುತ್ತವೆ. ತಪ್ಪಿ ಬಿದ್ದ ಏಟು ಹೆಬ್ಬೆರಳನ್ನು ನುಗ್ಗುಮಾಡುತ್ತದೆ. ದಿನವಿಡೀ ದುಡಿದರೂ ಕೈಗೆ ಬರುವ ಹಣ್ಣು ಸ್ವಲ್ಪ. ನಡಕಟ್ಟಿನರು ಬೀಜ ಬೇರ್ಪಡಿಸುವ ಯಂತ್ರವನ್ನು ರೂಪಿಸತೊಡಗಿದ್ದು ಈ ಸಂಕಟವನ್ನು ಕಂಡು. ಅಂಟುವ ಹಣ್ಣು, ಜಾರುವ ಬೀಜ, ಸಿಕ್ಕಿಕೊಳ್ಳುವ ನಾರು: ಮೂರನ್ನೂ ಒಂದೇ ಯಂತ್ರ ನಿಭಾಯಿಸಬೇಕು, ಬೀಜ ಒಡೆಯಬಾರದು, ಹಣ್ಣು ಕೆಡಬಾರದು. ಅಂಥ ಕೆಲಸ ಒಂದು ಸಲಕ್ಕೆ ಕೈಗೂಡುವುದಲ್ಲ. ಈ ಹಂತದಲ್ಲಿಯೇ ರೈತನು ಕಬ್ಬಿಣದ ಕೆಲಸಗಾರನಾದನು. ಅಣ್ಣಿಗೇರಿಯಲ್ಲಿ ಅವರು ಕಟ್ಟಿದ ಕಾರ್ಯಾಗಾರಕ್ಕೆ ‘ವಿಶ್ವಶಾಂತಿ’ ಎಂಬ ಹೆಸರನ್ನಿಟ್ಟು, ಕೃಷಿ ಸಂಶೋಧನೆ ಮತ್ತು ಕೈಗಾರಿಕಾ ಸಂಶೋಧನೆಗಳ ಕೇಂದ್ರವೆಂದು ಕರೆದರು. ಸುತ್ತಿಗೆಯ ಸದ್ದಿನ ಮನೆಗೆ ಶಾಂತಿಯ ಹೆಸರು!

ಅಲ್ಲಿ ರೂಪುಗೊಂಡವುಗಳಲ್ಲಿ ಉಳುಮೆಯ ಕುಡವನ್ನು ತಯಾರಿಸುವ ಯಂತ್ರ, ಬೀಜವನ್ನೂ ಗೊಬ್ಬರವನ್ನೂ ಒಮ್ಮೆಗೇ ಬಿತ್ತುವ ಕೂರಿಗೆ, ಕಡಿಮೆ ಉರುವಲಿನಲ್ಲಿ ನೀರು ಕಾಯಿಸುವ ಬಾಯ್ಲರು, ಕಬ್ಬು ನೆಡುವ ಸ್ವಯಂಚಾಲಿತ ಯಂತ್ರ, ಗಾಲಿಯ ಟಿಲ್ಲರು ಮುಖ್ಯವಾದವು. ಪ್ರತಿಯೊಂದನ್ನೂ ವರ್ಣಿಸುತ್ತ ಹೋಗುವ ಅಗತ್ಯವಿಲ್ಲ. ಕುಡ ಮತ್ತು ಕೂರಿಗೆ ಇವೆರಡನ್ನು ಕುರಿತು ಮಾತ್ರ ತುಸು ನಿಂತು ನೋಡಬೇಕು.

ಕುಡ ತಯಾರಿಸುವ ಯಂತ್ರವೆಂದೊಡನೆ ಅದೇನು ಮಹಾ ಎನಿಸಬಹುದು. ಬೀಜ ಬಿತ್ತುವ ಯಂತ್ರವನ್ನು ಮಾಡುವುದಕ್ಕಿಂತ, ಯಂತ್ರದ ಅಂಗವನ್ನು ಮಾಡುವ ಯಂತ್ರವನ್ನು ಮಾಡುವುದು ಒಂದು ಹೆಜ್ಜೆ ಹಿಂದಿನ ವಿಚಾರ, ಆದ್ದರಿಂದ ಒಂದು ಹೆಜ್ಜೆ ಆಳದ ವಿಚಾರ. ಕೈಯಲ್ಲಿ ಬಡಿದ ಹತ್ತು ಕುಡಗಳು ಹತ್ತು ಬಗೆ. ಬಡಿಯುವವನ ತೋಳಿನ ದಣಿವು, ಇದ್ದಿಲಿನ ಗುಣ, ತಿದಿ ಊದಿದವನ ಎಚ್ಚರ ಇವೆಲ್ಲ ಕುಡದೊಳಗೆ ಇಳಿದುಬಿಡುತ್ತವೆ. ಹತ್ತು ಕುಡಗಳೂ ಒಂದೇ ಅಳತೆ, ಒಂದೇ ಬಾಗು ಉಳ್ಳವಾಗಿದ್ದರೆ ರೈತನು ಸವೆದುದನ್ನು ಬಿಚ್ಚಿ ಹೊಸದನ್ನು ತೊಡಿಸಿ ಅದೇ ದಿನ ಹೊಲಕ್ಕೆ ಹೋಗಬಲ್ಲನು. ಹದದ ದಿನಗಳು ಕೆಲವೇ ಇರುವ ನೆಲದಲ್ಲಿ ಉಳಿದ ಒಂದು ದಿನಕ್ಕೆ ಎಷ್ಟು ಬೆಲೆ ಎಂಬುದನ್ನು ಮೇಲೆಯೇ ಹೇಳಿದೆ.

ಕೂರಿಗೆಯ ಮಾತು ಇನ್ನೂ ಸ್ವಾರಸ್ಯದ್ದು. ಮೂರು ತಾಳಿನ, ನಾಲ್ಕು ತಾಳಿನ ಮರದ ಕೂರಿಗೆ ನಮ್ಮ ಪೂರ್ವಿಕರ ದೊಡ್ಡ ಸೃಷ್ಟಿ. ದಿಂಡಿಗೆ ತಾಳುಗಳು, ತಾಳಿನ ಹಿಂದೆ ಬಿದಿರಿನ ಕೊಳವೆಗಳು, ಮೇಲೆ ಅವೆಲ್ಲವುಗಳ ಬಾಯಿ ಕೂಡುವ ಮರದ ಬಟ್ಟಲು. ಹಿಂದೆ ನಡೆಯುತ್ತ ಆ ಬಟ್ಟಲಿಗೆ ಬೀಜ ಬಿಡುವ ಕೈ. ಎಲ್ಲ ಕೊಳವೆಗಳಿಗೂ ಸಮನಾಗಿ ಬೀಜ ಇಳಿಯುವಂತೆ ಬೆರಳುಗಳನ್ನು ಸಡಿಲಿಸುವ ಆ ಕೈಯ ಚಾತುರ್ಯ ಸಾಮಾನ್ಯವಲ್ಲ. ಈ ಕೆಲಸಕ್ಕೆ ಪಳಗಿದ ಕೈಗಳು ಕಡಿಮೆಯಾದಂತೆ, ಬೀಜ ಒಂದೆಡೆ ಒತ್ತೊತ್ತಾಗಿ, ಇನ್ನೊಂದೆಡೆ ವಿರಳವಾಗಿ ಬೀಳುವುದು ಹೆಚ್ಚಿತು. ರಾಸಾಯನಿಕ ಗೊಬ್ಬರ ಬಂದಮೇಲೆ ಅದನ್ನು ಮೇಲೆ ಎರಚಿದರೆ ಕಳೆಗೂ ಸಲ್ಲುತ್ತದೆ, ಮಳೆಗೆ ಕೊಚ್ಚಿಯೂ ಹೋಗುತ್ತದೆ. ಬೀಜದ ಹತ್ತಿರ, ಮಣ್ಣಿನೊಳಗೆ ಅದು ಬಿದ್ದರೆ ಮಾತ್ರ ಬೇರಿಗೆ ದಕ್ಕುತ್ತದೆ. ನಡಕಟ್ಟಿನರ ಕೂರಿಗೆ ಬೀಜ ಗೊಬ್ಬರಗಳನ್ನು ಒಂದೇ ಓಟದಲ್ಲಿ ನೆಲಕ್ಕಿಳಿಸುತ್ತದೆ. ಅದು ಹಳೆಯ ಕೂರಿಗೆಯ ತತ್ತ್ವವನ್ನು ಕೈಬಿಡಲಿಲ್ಲ, ಹಳೆಯ ಹೆಸರನ್ನೂ ಕೈಬಿಡಲಿಲ್ಲ. ರೈತರು ಅದನ್ನು ‘ನಡಕಟ್ಟಿನ ಕೂರಿಗೆ’ ಎಂದೇ ಕರೆದರು. ಕಂಪನಿಗಳ ಯಂತ್ರಗಳಿಗೆ ಇಂಗ್ಲಿಷ್ ಹೆಸರುಗಳು ಅಂಟಿಕೊಂಡು ಬರುವ ಕಾಲದಲ್ಲಿ, ಒಬ್ಬ ಕನ್ನಡಿಗನ ಮನೆತನದ ಹೆಸರು ಅಚ್ಚಗನ್ನಡದ ಸಾಧನವೊಂದಕ್ಕೆ ವಿಶೇಷಣವಾಗಿ ನಿಂತುದು ಭಾಷೆಯ ದೃಷ್ಟಿಯಿಂದಲೂ ಸಂತೋಷದ ಸಂಗತಿ.

ಹೊಸ ಸಾಧನವನ್ನು ಈ ಸೀಮೆಯ ರೈತನು ಸುಲಭವಾಗಿ ನಂಬುವವನಲ್ಲ. ಇದಕ್ಕೆ ಹಿಂದಿನ ನಿದರ್ಶನವೊಂದುಂಟು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಚಿತ್ರಕಲೆ ಕಲಿಯಲು ಮುಂಬಯಿಗೆ ಹೋಗಿ, ಬಣ್ಣಗಳನ್ನು ಗುರುತಿಸುವಲ್ಲಿ ಕಣ್ಣು ಸಹಕರಿಸದೆ, ಯಂತ್ರಗಳ ರೇಖಾಚಿತ್ರದ ಕಡೆಗೆ ಹೊರಳಿದವರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿ, ಮೇವು ಕತ್ತರಿಸುವ ಯಂತ್ರವನ್ನು ಮಾಡಿ, 1903ರ ಸುಮಾರಿಗೆ ಕಬ್ಬಿಣದ ನೇಗಿಲನ್ನು ಹೊರತಂದರು. ಕಬ್ಬಿಣವು ನೆಲಕ್ಕೆ ವಿಷವೇರಿಸುತ್ತದೆಂದು ರೈತರು ಅದನ್ನು ಮುಟ್ಟಲಿಲ್ಲ. ಮೊದಲ ಕೆಲವು ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತು. 1910ರಲ್ಲಿ ಔಂಧ ಸಂಸ್ಥಾನದ ಅರಸರ ಆಶ್ರಯದಿಂದ ಕಿರ್ಲೋಸ್ಕರವಾಡಿ ನೆಲೆಗೊಂಡ ಮೇಲಿನ ಕಥೆ ಎಲ್ಲರೂ ಬಲ್ಲದ್ದು. ಆ ರೈತರನ್ನು ಮೂಢರೆಂದು ನಗುವುದು ಸುಲಭ. ವರ್ಷಕ್ಕೊಂದೇ ಬೆಳೆ ತೆಗೆಯುವವನು ಒಂದು ಪ್ರಯೋಗಕ್ಕೆ ಒಂದು ವರ್ಷವನ್ನೇ ಒತ್ತೆಯಿಡಬೇಕಾಗುತ್ತದೆ. ಅವನ ಸಂದೇಹವೂ ಒಂದು ಬಗೆಯ ವಿವೇಕವೇ. ನಡಕಟ್ಟಿನರಿಗೆ ದೊರೆತ ಅನುಕೂಲವೆಂದರೆ ಅವರೂ ಅದೇ ಎರಿಯ ಹೊಲದಲ್ಲಿ ಬೆವರು ಸುರಿಸಿದ ರೈತರು; ಯಂತ್ರ ಕೆಟ್ಟರೆ ಮೊದಲು ಕೆಡುವುದು ಅವರದೇ ಹೊಲ.

ಕಿರ್ಲೋಸ್ಕರರಿಗಿಂತಲೂ ಹಿಂದೆ ಹೋದರೆ ನಾಡಿನ ಕಮ್ಮಾರರ ಕೀರ್ತಿ ಎಲ್ಲಿಯವರೆಗೆ ಹಬ್ಬಿತ್ತೆಂಬುದಕ್ಕೆ ಒಂದು ಪದವೇ ಸಾಕ್ಷಿ. ಯುರೋಪಿನ ಲೋಹಶಾಸ್ತ್ರದ ಗ್ರಂಥಗಳಲ್ಲಿ ‘ವೂಟ್ಸ್’ ಎಂಬ ಉಕ್ಕಿನ ಉಲ್ಲೇಖ ಬರುತ್ತದೆ. ಕನ್ನಡ ತೆಲುಗುಗಳಲ್ಲಿರುವ ‘ಉಕ್ಕು’ ಎಂಬ ಪದವೇ ಅನ್ಯರ ಬಾಯಲ್ಲಿ, ಅನ್ಯರ ಬರವಣಿಗೆಯಲ್ಲಿ ರೂಪಗೆಟ್ಟು ಹಾಗಾಯಿತೆಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪಿದ್ದಾರೆ. ಮುಂಬಯಿಯಿಂದ ಕಳುಹಿಸಿದ ಮಾದರಿಗಳನ್ನು ಪರೀಕ್ಷಿಸಿ ಜಾರ್ಜ್ ಪಿಯರ್ಸನ್ ಎಂಬ ವೈದ್ಯನು 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಪ್ರಬಂಧವನ್ನು ಮಂಡಿಸಿದನು. ವಿದ್ಯುಚ್ಛಾಸ್ತ್ರದಲ್ಲಿ ಹೆಸರಾದ ಮೈಕೆಲ್ ಫ್ಯಾರಡೆಯು 1819ರಿಂದ ಕೆಲವು ವರ್ಷ ಇದೇ ಉಕ್ಕಿನ ಗುಟ್ಟನ್ನು ಹುಡುಕಿದನು. ಅವನು ಕಮ್ಮಾರನ ಮಗ. ಮೆತ್ತನೆಯ ಕಬ್ಬಿಣವನ್ನು ಕಟ್ಟಿಗೆಯ ಚೂರುಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ಬಹಳ ಹೊತ್ತು ಕಾಯಿಸಿ, ನಿಧಾನವಾಗಿ ಆರಿಸಿ ತೆಗೆಯುತ್ತಿದ್ದ ಆ ಉಕ್ಕಿನಲ್ಲಿ ನೂರಕ್ಕೆ ಒಂದೂವರೆ ಪಾಲಿನ ಆಸುಪಾಸಿನಲ್ಲಿ ಇಂಗಾಲವಿರುತ್ತಿತ್ತೆಂದು ಈಗಿನ ಪರೀಕ್ಷೆಗಳು ಹೇಳುತ್ತವೆ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕಾನನ್ನನು ಕಬ್ಬಿಣ ಕರಗಿಸುವವರ, ಉಕ್ಕು ಮಾಡುವವರ ಕೆಲಸವನ್ನು ಕಣ್ಣಾರೆ ಕಂಡು ಬರೆದಿಟ್ಟನು. ಅದನ್ನು ಮಾಡುತ್ತಿದ್ದವರು ಬರೆದಿಡಲಿಲ್ಲ. ಅವರಿಗೆ ಬರೆಹ ಬಲ್ಲ ಬಂಧುಗಳಿರಲಿಲ್ಲ. ಬರೆಹ ಬಲ್ಲವರಿಗೆ ಕುಲುಮೆಯ ಕಡೆಗೆ ಹೋಗುವ ವಾಡಿಕೆಯಿರಲಿಲ್ಲ. ಅಗ್ಗದ ವಿಲಾಯತಿ ಕಬ್ಬಿಣ ಬಂದು ಒಲೆಗಳು ಆರಿದಾಗ ವಿದ್ಯೆಯೂ ಆರಿತು. ಹೆಸರು ಮಾತ್ರ ಕಡಲಾಚೆ ಉಳಿಯಿತು.

ನಡಕಟ್ಟಿನರ ವಿಷಯದಲ್ಲಿಯೂ ಹೀಗೆಯೇ ಆಗದೆ ಇರಬೇಕಾದರೆ ಏನು ಮಾಡಬೇಕೆಂಬುದೇ ಈಗಿನ ಪ್ರಶ್ನೆ. ಇಲ್ಲಿಯೇ ಆರಂಭದಲ್ಲಿ ಹೇಳಿದ ತಪ್ಪು ತಿಳಿವಳಿಕೆಯ ಮಾತು ಬರುತ್ತದೆ. ‘ನೋಡಿರಿ, ಕಾಲೇಜಿನ ಮೆಟ್ಟಿಲು ಹತ್ತದವರು ಪದ್ಮಶ್ರೀ ಪಡೆದರು, ಓದಿನಿಂದ ಏನಾಗಬೇಕಾಗಿದೆ?’ ಎಂದು ಸಭೆಗಳಲ್ಲಿ ಹೇಳುವುದು ರೂಢಿಯಾಗಿದೆ. ಹೇಳುವವರು ತಮ್ಮ ಮಕ್ಕಳನ್ನು ಮಾತ್ರ ಓದಿಗೆ ಹುಬ್ಬಳ್ಳಿ ಬೆಂಗಳೂರುಗಳಿಗೆ ಕಳುಹಿಸಿರುತ್ತಾರೆ. ನಡಕಟ್ಟಿನರ ಜೀವನದಿಂದ ಈ ಪಾಠವನ್ನು ತೆಗೆಯುವುದು ಅವರಿಗೆ ಮಾಡುವ ಅನ್ಯಾಯ. ಅವರು ಓದನ್ನು ಬೇಡವೆಂದವರಲ್ಲ, ಬೇಕೆಂದು ಬಯಸಿ ವಂಚಿತರಾದವರು. ಕೃಷಿಶಾಸ್ತ್ರವನ್ನು ಅವರು ಓದಿದ್ದರೆ ಎಷ್ಟು ಪ್ರಯೋಗಗಳು ಎಷ್ಟು ಬೇಗ ಫಲಿಸುತ್ತಿದ್ದುವೋ! ಮಣ್ಣಿನ ನೀರು ಹಿಡಿಯುವ ಶಕ್ತಿ, ಉಕ್ಕಿನ ಬಗೆಗಳು, ಗಾಲಿಯ ಹಲ್ಲುಗಳ ಲೆಕ್ಕ ಇವುಗಳೆಲ್ಲ ಪುಸ್ತಕದಲ್ಲಿ ಸಿದ್ಧವಾಗಿದ್ದಾಗ, ಅವುಗಳನ್ನು ವರ್ಷಗಟ್ಟಲೆ ಸೋಲುಗಳ ಮೂಲಕ ಒಬ್ಬನೇ ಮತ್ತೆ ಕಂಡುಕೊಳ್ಳಬೇಕಾಗಿ ಬಂದುದು ಅವರ ಹಿರಿಮೆ. ಸಮಾಜಕ್ಕೆ ಅದು ಹೆಮ್ಮೆಯ ವಿಷಯವಾಗಲಾರದು.

ಇನ್ನೊಂದು ಮಾತು ಮನ್ನಣೆಯ ಸಮಯವನ್ನು ಕುರಿತದ್ದು. ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನವು ಅವರನ್ನು ಗುರುತಿಸಿ, 2015ರಲ್ಲಿ ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರ ಹಸ್ತದಿಂದ ಜೀವಮಾನ ಸಾಧನೆಯ ಪ್ರಶಸ್ತಿಯನ್ನು ಕೊಡಿಸಿತು. ಏಳು ವರ್ಷಗಳ ಮೇಲೆ ಪದ್ಮಶ್ರೀ. ಇವೆರಡೂ ಯೋಗ್ಯವಾದ ಗೌರವಗಳೇ. ಆದರೆ ಜೀವಮಾನದ ಸಾಧನೆಯನ್ನು ಮೆಚ್ಚುವುದಕ್ಕೂ, ಮೂವತ್ತರ ಹರೆಯದಲ್ಲಿ ‘ಹುಚ್ಚ’ನೆನಿಸಿಕೊಂಡು ಪ್ರಯೋಗ ನಡೆಸುತ್ತಿರುವವನಿಗೆ ಒಂದು ಗೇರಿನ ಗಾಲಿ, ಒಂದು ವೆಲ್ಡಿಂಗ್ ಯಂತ್ರ, ನಾಲ್ಕು ಮಾತಿನ ಸಲಹೆ ಒದಗಿಸುವುದಕ್ಕೂ ಅಂತರವಿದೆ. ಇಳಿವಯಸ್ಸಿನಲ್ಲಿ ಹೊದಿಸುವ ಶಾಲು ಬೆಚ್ಚಗಿರುತ್ತದೆ, ನಿಜ. ಕುಲುಮೆಯ ಮುಂದೆ ದುಡಿಯುವವನಿಗೆ ಶಾಲಿಗಿಂತ ಇದ್ದಿಲು ಹೆಚ್ಚು ಬೇಕಾಗಿರುತ್ತದೆ. ಅಣ್ಣಿಗೇರಿಯಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ. 1986ರಲ್ಲಿ ಸ್ಥಾಪಿತವಾದ ಕೃಷಿ ವಿಶ್ವವಿದ್ಯಾಲಯ ಧಾರವಾಡದಲ್ಲಿದೆ. ಹಳ್ಳಿಯ ಪ್ರಯೋಗಶೀಲನೊಬ್ಬನು ಹಿಂಜರಿಯದೆ ಒಳಗೆ ಬಂದು ತನ್ನ ಯಂತ್ರವನ್ನು ಇಟ್ಟು ಪರೀಕ್ಷಿಸಿಕೊಂಡು ಹೋಗುವಂಥ ಬಾಗಿಲು ಇಂಥ ಸಂಸ್ಥೆಗಳಲ್ಲಿ ಎಂದೂ ತೆರೆದಿರಬೇಕು. ಇದರಿಂದ ಸಂಸ್ಥೆಗಳಿಗೇ ಲಾಭ. ಹೊಲದ ಪ್ರಶ್ನೆಯನ್ನು ಹೊಲದವನಿಗಿಂತ ಚೆನ್ನಾಗಿ ಕೇಳಬಲ್ಲವರು ಯಾರು?

ಶಾಲೆಗಳ ಪಾಲೂ ಇದರಲ್ಲಿದೆ, ಅದು ಸಣ್ಣದಲ್ಲ. ಪ್ರಬಂಧ ಸ್ಪರ್ಧೆಗಳಲ್ಲಿ ಎಡಿಸನ್, ಜೇಮ್ಸ್ ವ್ಯಾಟ್ ಮೊದಲಾದವರ ಚರಿತ್ರೆಯನ್ನು ಮಕ್ಕಳು ಉರುಹೊಡೆದು ಬರೆಯುತ್ತಾರೆ. ಬರೆಯಲಿ, ತಪ್ಪಿಲ್ಲ. ಬಸ್ಸಿನಲ್ಲಿ ಕುಳಿತರೆ ಅರ್ಧ ದಿನದಲ್ಲಿ ಹೋಗಿ ಬರಬಹುದಾದ ಅಣ್ಣಿಗೇರಿಯ ಕಾರ್ಯಾಗಾರದ ಕಥೆ ಆ ಪ್ರಬಂಧಗಳಲ್ಲಿ ಏಕೆ ಬರುವುದಿಲ್ಲವೆಂಬುದನ್ನು ಗುರುಗಳು ತಮ್ಮನ್ನು ತಾವು ಕೇಳಿಕೊಳ್ಳಬೇಕು. ಇದಕ್ಕಿಂತ ನೋವಿನ ಸಂಗತಿಯೊಂದಿದೆ. ಶಾಲೆಗೆ ಹೆಸರು ಹಚ್ಚುವಾಗ ತಂದೆಯ ಉದ್ಯೋಗದ ಕಾಲಮಿನಲ್ಲಿ ‘ಕಮ್ಮಾರಿಕೆ’ ಎಂದು ಹೇಳಲು ಸಂಕೋಚಪಡುವ ಬಾಲಕರುಂಟು. ಬೆಂಚಿನ ಮೇಲೆ ಮಗ್ಗುಲಲ್ಲಿ ಕುಳಿತವರು ನಕ್ಕಾರೆಂಬ ಅಂಜಿಕೆ. ಆ ಬಾಲಕನು ಮನೆಯಲ್ಲಿ ಕಾದ ಕಬ್ಬಿಣದ ಬಣ್ಣಗಳ ಕ್ರಮವನ್ನು ಎಳೆತನದಿಂದಲೇ ಕಂಡಿರುತ್ತಾನೆ; ವಿಜ್ಞಾನದ ತರಗತಿಯಲ್ಲಿ ಅದನ್ನು ಹೇಳಲು ಅವನಿಗೆ ಅವಕಾಶವೇ ಬರುವುದಿಲ್ಲ.

ಕನ್ನಡದ ಪಂಡಿತವರ್ಗವೂ ಈ ವಿಷಯದಲ್ಲಿ ನಿರ್ದೋಷಿಯಲ್ಲ. ಶಬ್ದಮಣಿದರ್ಪಣದ ಸೂತ್ರಗಳನ್ನು ಕಂಠಪಾಠ ಮಾಡಿದವರಿಗೆ, ಹಳಗನ್ನಡದ ಅಪೂರ್ವ ಪದವೊಂದಕ್ಕೆ ನಾಲ್ಕು ಅರ್ಥಗಳನ್ನು ಹೇಳಬಲ್ಲವರಿಗೆ, ಮನೆಯ ಹಿತ್ತಿಲಲ್ಲಿ ಬಿದ್ದಿರುವ ಮುರಿದ ಕೂರಿಗೆಯ ಅಂಗಗಳ ಹೆಸರು ಬಾರದು. ತಿದಿ, ಮೂಸೆ, ಅಡಿಗಲ್ಲು, ಇಕ್ಕಳ, ದಿಂಡು, ತಾಳು, ಕುಡ, ಕುಳ: ಇವು ಕೂಡ ಶುದ್ಧವಾದ ಕನ್ನಡವೇ, ಪಂಪನ ಭಾಷೆಯಷ್ಟೇ ಹಳೆಯ ಬೇರುಗಳುಳ್ಳ ಕನ್ನಡ. ಪ್ರತಿ ಹೋಬಳಿಯಲ್ಲಿ ಇವುಗಳ ಉಚ್ಚಾರ ತುಸು ಬೇರೆ, ಅಂಗಭೇದಗಳಿಗೆ ಹೆಸರು ಬೇರೆ. ಟ್ರ್ಯಾಕ್ಟರು ಬಂದು ಕುಲುಮೆಗಳು ಮುಚ್ಚುತ್ತಿರುವ ಊರುಗಳಲ್ಲಿ ಈ ಪದಗಳು ಮುದುಕರ ನಾಲಗೆಯ ಮೇಲಷ್ಟೇ ಉಳಿದಿವೆ. ಮೂಸೆಯ ಉಕ್ಕಿನಂತೆ ಇವೂ ಹೋದರೆ ನಾಳೆ ಅವುಗಳ ವಿವರವನ್ನು ಮತ್ತೆ ಯಾವನೋ ಪರದೇಶದ ಪ್ರವಾಸಿಯ ದಿನಚರಿಯಲ್ಲಿ ಹುಡುಕಬೇಕಾದೀತು.

ಮಾಡಬೇಕಾದ ಕೆಲಸಕ್ಕೆ ಹಣ ಬೇಕಾಗಿಲ್ಲ, ಸರಕಾರದ ಅಪ್ಪಣೆಯೂ ಬೇಕಾಗಿಲ್ಲ. ಹಿಂಗಾರಿ ಬಿತ್ತಿಗೆಗೆ ಮೊದಲು, ರೈತರು ಕುಡ ಹಣಿಸಲು ಕುಲುಮೆಗೆ ಬರುವ ವಾರದಲ್ಲಿ, ಒಂಬತ್ತನೆಯ ತರಗತಿಯ ಮಕ್ಕಳನ್ನು ಊರಿನಲ್ಲಿ ಉಳಿದಿರುವ ಕುಲುಮೆಗೆ ಕರೆದುಕೊಂಡು ಹೋಗಬೇಕು. ಕನ್ನಡದ ಗುರುಗಳು ಒಂದು ನೋಟುಪುಸ್ತಕವನ್ನು, ವಿಜ್ಞಾನದ ಗುರುಗಳು ಇನ್ನೊಂದನ್ನು ಹಿಡಿದಿರಬೇಕು. ಒಂದರಲ್ಲಿ ಹೆಸರುಗಳು, ಇನ್ನೊಂದರಲ್ಲಿ ಬಣ್ಣಗಳು ಮತ್ತು ಅವುಗಳ ಕಾರಣಗಳು. ಕಮ್ಮಾರನನ್ನು ‘ಗುರುಗಳೆ’ ಎಂದು ಸಂಬೋಧಿಸುವುದನ್ನು ಮಕ್ಕಳಿಗೆ ಮುಂಚೆಯೇ ಹೇಳಿಕೊಟ್ಟಿರಬೇಕು. ಮರುವಾರ ಅದೇ ಮಕ್ಕಳು ಅಣ್ಣಿಗೇರಿಗೆ ಹೋಗಿ ‘ನಡಕಟ್ಟಿನ ಕೂರಿಗೆ’ಯ ಪಕ್ಕದಲ್ಲಿ ಮರದ ಹಳೆಯ ಕೂರಿಗೆಯೊಂದನ್ನು ನಿಲ್ಲಿಸಿ, ಎರಡರ ಚಿತ್ರವನ್ನೂ ಬರೆದು, ಅಂಗಗಳಿಗೆ ಹೆಸರು ಹಚ್ಚಲಿ. ಆ ಚಿತ್ರಗಳಿಗೆ ಮುಂದಿನ ವರ್ಷದ ಸಂಚಿಕೆಯಲ್ಲಿ ನಾಲ್ಕು ಪುಟಗಳನ್ನು ಮೀಸಲಿಡಬಹುದು.